ಹುರಿಯ ತೂಕ

ಫ್ಲೈ ಫಿಶಿಂಗ್‌ಗೆ ಬೇಕಾದ ಹೊಸ ಹುರಿಯೊಂದನ್ನು ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಡಬ್ಬಿಯ ಮೇಲಿನ ಒಂದು ಒಗಟು. ‘ಡಬ್ಲ್ಯೂಎಫ್ 5 ಎಫ್’ ಎಂದು ಅಲ್ಲಿ ಅಚ್ಚಾಗಿರುತ್ತದೆ. ಪಕ್ಕದ ಡಬ್ಬಿಯ ಮೇಲೆ ‘ಡಿಟಿ 6 ಎಫ್’. ಕೋಲಿನ ಹಿಡಿಯ ಮೇಲೂ ಒಂದು ಅಂಕಿ ಇರುತ್ತದೆ. ಕೋಲಿನ ಮೇಲೆ ಐದು ಎಂದಿದ್ದರೆ ಹುರಿಯೂ ಐದರದ್ದೇ ಇರಲಿ ಎಂದು ಅಂಗಡಿಯವರು ಹೇಳುತ್ತಾರೆ, ನಾವು ದುಡ್ಡು ಕೊಟ್ಟು ಬರುತ್ತೇವೆ. ಆದರೆ ಈ ಐದು ಯಾವುದರ ಐದು? ಉದ್ದದ್ದೋ, ದಪ್ಪದ್ದೋ, ಬಲದ್ದೋ? ಉತ್ತರ ಹುಡುಕುತ್ತ ಹೋದರೆ ಕುದುರೆಯ ಬಾಲದಿಂದ ಹೊರಟು, ರೇಷ್ಮೆಯ ಹುಳುವನ್ನು ಹಾದು, ಎರಡನೆಯ ಮಹಾಯುದ್ಧದ ಆಚೆಗಿನ ರಾಸಾಯನಿಕ ಕಾರ್ಖಾನೆಯವರೆಗೆ ನಡೆಯಬೇಕಾಗುತ್ತದೆ.

ಮೊದಲು ಈ ಹುರಿಗೆ ಇಷ್ಟೊಂದು ಮಹತ್ವ ಯಾಕೆ ಎಂದು ನೋಡೋಣ. ನಮ್ಮ ಕೆರೆ-ಹೊಳೆಗಳಲ್ಲಿ ಗಾಳ ಹಾಕುವವರು ದಾರದ ತುದಿಗೆ ಎರೆಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆಯುತ್ತಾರೆ. ಅಲ್ಲಿ ತೂಕವಿರುವುದು ತುದಿಯಲ್ಲಿ. ದಾರ ಅದರ ಹಿಂದೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ತುದಿಗಿರುವುದು ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಕೃತಕ ನೊಣ. ಅದಕ್ಕೆ ಹೇಳಿಕೊಳ್ಳುವಂಥ ತೂಕವೇ ಇಲ್ಲ. ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ತೂಕವನ್ನು ಹುರಿಗೇ ಕೊಡಬೇಕು. ಬಾರುಕೋಲು ಬೀಸಿದಾಗ ಕೈಯ ಬಲ ಬಾರಿನ ಗುಂಟ ಸುರುಳಿ ಬಿಚ್ಚಿಕೊಳ್ಳುತ್ತ ತುದಿಯವರೆಗೆ ಸಾಗುವ ಹಾಗೆ, ಇಲ್ಲಿ ಹುರಿ ಗಾಳಿಯಲ್ಲಿ ಬಿಚ್ಚಿಕೊಂಡು ನೊಣವನ್ನು ನೀರಿನ ಮೇಲೆ ಇಳಿಸುತ್ತದೆ. ಬೀಸುವುದು ಕೋಲನ್ನಾದರೂ ಎಸೆಯುವುದು ಹುರಿಯನ್ನು.

ಕೃತಕ ನೊಣದ ಮೀನುಬೇಟೆಯ ಹಳೆಯ ವಿವರಣೆಯೊಂದು ರೋಮನ್ ಲೇಖಕ ಈಲಿಯನ್‌ನದು. ಕ್ರಿ.ಶ. 200ರ ಆಸುಪಾಸಿನಲ್ಲಿ ಅವನು ಬರೆದ ಪ್ರಾಣಿಲೋಕದ ಪುಸ್ತಕದಲ್ಲಿ ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದರ ವರ್ಣನೆಯಿದೆ. ಅವರ ಕೋಲು ಆರು ಅಡಿ, ದಾರವೂ ಆರು ಅಡಿ. ದಾರ ಅಷ್ಟೇ ಉದ್ದವಿದ್ದರೆ ‘ಎಸೆತ’ ಎಂಬ ಸಮಸ್ಯೆಯೇ ಹುಟ್ಟುವುದಿಲ್ಲ. ದೂರದ ಮೀನು ಬೇಕೆಂಬ ಆಸೆಯೊಂದಿಗೆ ಹುರಿಯ ಚರಿತ್ರೆ ಶುರುವಾಗುತ್ತದೆ.

1496ರಲ್ಲಿ ಲಂಡನ್ನಿನ ಮುದ್ರಕ ವಿಂಕಿನ್ ಡಿ ವರ್ಡ್ ಅಚ್ಚು ಹಾಕಿದ ಗ್ರಂಥವೊಂದರಲ್ಲಿ ಗಾಳದ ಮೀನುಗಾರಿಕೆಯ ಕುರಿತ ಪ್ರಬಂಧವಿದೆ. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿ ಅದನ್ನು ಬರೆದಳೆಂಬ ಪ್ರತೀತಿ ಬಹುಕಾಲದಿಂದ ಇದೆ, ಗಟ್ಟಿ ಆಧಾರವಿಲ್ಲ. ಬರೆದವರು ಯಾರೇ ಇರಲಿ, ಹುರಿ ಹೊಸೆಯುವುದನ್ನು ಕೈಯಾರೆ ಬಲ್ಲವರು. ಬಿಳಿಯ ಕುದುರೆಯ ಬಾಲದಿಂದ ಉದ್ದನೆಯ ಕೂದಲನ್ನು ಆರಿಸಬೇಕು, ನೀರಿನ ಬಣ್ಣವನ್ನೂ ಋತುವನ್ನೂ ನೋಡಿ ಅದಕ್ಕೆ ಬಣ್ಣ ಹಾಕಬೇಕು, ಆಮೇಲೆ ಹೊಸೆಯಬೇಕು. ಹೊಸೆಯುವ ಸಾಧನದ ವಿವರವೂ ಅಲ್ಲಿದೆ. ಯಾವ ಮೀನಿಗೆ ಎಷ್ಟು ಎಳೆ ಎಂಬ ಲೆಕ್ಕವೂ ಇದೆ: ಪುಟಾಣಿ ಮೀನಿಗೆ ಒಂದೇ ಕೂದಲು, ಟ್ರೌಟ್‌ಗೆ ಒಂಬತ್ತು, ದೊಡ್ಡ ಟ್ರೌಟ್‌ಗೆ ಹನ್ನೆರಡು, ಸಾಲ್ಮನ್‌ಗೆ ಹದಿನೈದು. ಡಬ್ಬಿಯ ಮೇಲಿನ ಅಂಕಿಯ ಮುತ್ತಜ್ಜಿ ಇದೇ ಎನ್ನಬಹುದು. ಒಂದೇ ವ್ಯತ್ಯಾಸವೆಂದರೆ, ಆ ಒಂಬತ್ತನ್ನು ಮೀನು ಹಿಡಿಯುವವರೇ ಬೆರಳಲ್ಲಿ ಎಣಿಸಿ ಹೊಸೆಯುತ್ತಿದ್ದರು.

ಐಸಾಕ್ ವಾಲ್ಟನ್‌ನ ಹೆಸರಾಂತ ‘ದಿ ಕಂಪ್ಲೀಟ್ ಆಂಗ್ಲರ್’ ಬಂದದ್ದು 1653ರಲ್ಲಿ. 1676ರ ಆವೃತ್ತಿಗೆ ಅವನ ಗೆಳೆಯ ಚಾರ್ಲ್ಸ್ ಕಾಟನ್ ಫ್ಲೈ ಫಿಶಿಂಗ್ ಕುರಿತು ಎರಡನೆಯ ಭಾಗವನ್ನೇ ಸೇರಿಸಿದ. ಡವ್ ನದಿಯ ದಡದ ಕಾಟನ್‌ನ ಹುರಿ ಗಾಳದ ಬಳಿ ಎರಡೇ ಕೂದಲಿನದು. ಕೋಲಿನ ಕಡೆಗೆ ಬಂದ ಹಾಗೆ ಎಳೆಗಳು ಹೆಚ್ಚುತ್ತ ಹೋಗುತ್ತವೆ. ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಇಂದಿನ ಪ್ರತಿ ಫ್ಲೈ ಹುರಿಯೂ ಈ ಇಳಿದಪ್ಪದ ತತ್ವವನ್ನೇ ನೆಚ್ಚಿಕೊಂಡಿದೆ. ಆದರೆ ಕುದುರೆ ಕೂದಲು ಹಗುರ. ಕೋಲು ಹದಿನೈದು, ಹದಿನೆಂಟು ಅಡಿ ಇದ್ದರೂ ಎದುರುಗಾಳಿಯಲ್ಲಿ ಏನೂ ಮಾಡಲಾಗುತ್ತಿರಲಿಲ್ಲ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಅದು ಒಯ್ದ ಕಡೆ ನೊಣವನ್ನು ಬಿಡಬೇಕು. ಯಾವ ದಡದಲ್ಲಿ ನಿಲ್ಲಬೇಕೆಂದು ತೀರ್ಮಾನಿಸುತ್ತಿದ್ದುದು ಗಾಳಿ.

ಈ ಸ್ಥಿತಿಯನ್ನು ಬದಲಿಸಿದ್ದು ರೇಷ್ಮೆ. ಅದು ಎರಡು ದಾರಿಯಲ್ಲಿ ಬಂತು. ಮೊದಲನೆಯದು ಕೊಂಚ ಕಠೋರವಾದದ್ದು. ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಗೊತ್ತಿರುವಂತೆ, ಹುಳು ಹಣ್ಣಾದಾಗ ಅದನ್ನು ಚಂದ್ರಿಕೆಗೆ ಬಿಡುತ್ತಾರೆ, ಅದು ಗೂಡು ಕಟ್ಟುತ್ತದೆ. ಸ್ಪೇನಿನ ಮುರ್ಸಿಯಾದಲ್ಲಿ ಗಾಳದ ವ್ಯಾಪಾರಕ್ಕೆಂದು ಸಾಕಿದ ಹುಳುವಿಗೆ ಗೂಡು ಕಟ್ಟುವ ಭಾಗ್ಯವಿರಲಿಲ್ಲ. ಹಣ್ಣಾದ ಹುಳುವನ್ನು ವಿನೆಗರಿನಲ್ಲಿ ಹಾಕಿ, ಹೊಟ್ಟೆಯೊಳಗಿನ ರೇಷ್ಮೆಗ್ರಂಥಿಯನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಒಂದು ಪಾರದರ್ಶಕ ಎಳೆ ಮಾಡುತ್ತಿದ್ದರು. ಇಂಥ ಎಳೆಗಳನ್ನು ಗಂಟು ಹಾಕಿ ಜೋಡಿಸಿದರೆ ಹುರಿಗೂ ನೊಣಕ್ಕೂ ನಡುವಿನ, ಮೀನಿಗೆ ಕಾಣದ ಕೊಂಡಿ ಸಿದ್ಧ. ಎರಡನೆಯದು ಹೆಣೆದ ರೇಷ್ಮೆಯ ಹುರಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದಕ್ಕೆ ಅಗಸೆ ಎಣ್ಣೆ ಕುಡಿಸಿ ಒಣಗಿಸುವುದನ್ನು ಕಲಿತರು. ಈ ಹುರಿ ತೆಳ್ಳಗಿದ್ದೂ ತೂಕದ್ದು, ಆದ್ದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಫ್ರೆಡರಿಕ್ ಹಾಲ್ಫೋರ್ಡ್ 1886ರ ತನ್ನ ಪುಸ್ತಕದಲ್ಲಿ ಶಾಸ್ತ್ರದಂತೆ ಸ್ಥಾಪಿಸಿದ ‘ಡ್ರೈ ಫ್ಲೈ’ ಪಂಥ, ಅಂದರೆ ನೀರಿನ ಮೇಲೆ ತೇಲುವ ನೊಣವನ್ನು ಹೊಳೆಯ ಮೇಲ್ದಿಕ್ಕಿಗೆ ಎಸೆಯುವ ವಿದ್ಯೆ, ಇಂಥ ಹುರಿಯಿಲ್ಲದೆ ಬೇರೂರುತ್ತಿರಲಿಲ್ಲ.

ಇದೇ ಕಾಲದಲ್ಲಿ ನಮ್ಮ ನೆಲವೂ ಈ ಕಥೆಯೊಳಗೆ ಬರುತ್ತದೆ. ಬಿದಿರನ್ನು ಸೀಳಿ, ಆರು ಸೀಳುಗಳನ್ನು ಅಂಟಿಸಿ ಮಾಡಿದ ಮೊದಮೊದಲ ಕೋಲುಗಳಿಗೆ ಭಾರತದಿಂದ ಹೋಗುತ್ತಿದ್ದ ‘ಕಲ್ಕತ್ತಾ ಬಿದಿರು’ ಬಳಕೆಯಲ್ಲಿತ್ತು. ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿದದ್ದು ಆಮೇಲೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕ ಬರೆದರು. ಅದರ ಮೊದಲ ಮುದ್ರಣ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಆಯಿತು. ಇಂಗ್ಲೆಂಡಿನ ಟ್ರೌಟ್‌ಗೆ ಪಳಗಿದ ಕೈಗಳು ಇಲ್ಲಿನ ಮಹಶೀರ್‌ನ ಮೊದಲ ಓಟಕ್ಕೆ ಸಿದ್ಧವಾಗಬೇಕಿತ್ತು. ಜೊತೆಗೆ, ನೆನೆದ ರೇಷ್ಮೆ ಕೊಳೆಯುತ್ತದೆ. ದಿನದ ಕೊನೆಗೆ ಹುರಿಯನ್ನು ರಾಟೆಯಿಂದ ಬಿಚ್ಚಿ ಒಣಗಿಸಬೇಕು, ಬೆಳಿಗ್ಗೆ ತೇಲಲೆಂದು ಜಿಡ್ಡು ಸವರಬೇಕು. ಕರಾವಳಿಯ ಮಳೆಗಾಲದಲ್ಲಿ ಇದೆಂಥ ಕೆಲಸವೆಂದು ವಿವರಿಸಬೇಕಿಲ್ಲ.

ರೇಷ್ಮೆಯ ಕಾಲದಲ್ಲಿ ಹುರಿಯನ್ನು ದಪ್ಪದಿಂದ ಅಳೆಯುತ್ತಿದ್ದರು. ‘ಎ’ ಎಂದರೆ ಅಂಗುಲದ ಸಾವಿರದಲ್ಲಿ 60 ಭಾಗ. ಮುಂದಿನ ಪ್ರತಿ ಅಕ್ಷರಕ್ಕೆ ಐದೈದು ಭಾಗ ಕಡಿಮೆ, ‘ಐ’ ಬರುವಷ್ಟರಲ್ಲಿ 20. ‘ಎಚ್‌ಡಿಎಚ್’ ಎಂದರೆ ಎರಡೂ ತುದಿ 25, ನಡು 45. ಎಲ್ಲ ಹುರಿಯೂ ರೇಷ್ಮೆಯದೇ ಆದ್ದರಿಂದ ದಪ್ಪ ಗೊತ್ತಾದರೆ ತೂಕ ಗೊತ್ತಾದಂತೆಯೇ. ತೂಕದ ಹೆಸರೆತ್ತದೆ ತೂಕವನ್ನು ಹೇಳುವ ವ್ಯವಸ್ಥೆ ಅದು.

ಯುದ್ಧ ಬಂದಾಗ ಇದು ಕುಸಿಯಿತು. ಜಪಾನಿನ ರೇಷ್ಮೆ ಅಮೆರಿಕಕ್ಕೆ ಬರುವುದು ನಿಂತಿತು. ಸಿಕ್ಕ ರೇಷ್ಮೆ ಪ್ಯಾರಾಚೂಟಿಗೆ ಹೋಯಿತು. 1938ರಲ್ಲಿ ಡುಪಾಂಟ್ ಕಂಪನಿ ಪ್ರಕಟಿಸಿದ್ದ ನೈಲಾನ್ ಆ ಜಾಗಕ್ಕೆ ಬಂತು. ಅದು ಕೊಳೆಯುವುದಿಲ್ಲ, ಆದರೆ ರೇಷ್ಮೆಗಿಂತ ಹಗುರ. ಡಬ್ಬಿಯ ಮೇಲೆ ಅದೇ ‘ಎಚ್‌ಡಿಎಚ್’, ಕೈಯಲ್ಲಿ ಬೇರೆಯೇ ತೂಕ. ಕೋಲು ಬಾಗುವುದಿಲ್ಲ, ಹುರಿ ಹೋಗುವುದಿಲ್ಲ. 1945ರಲ್ಲಿ ಮಿಷಿಗನ್‌ನ ಮಿಡ್‌ಲ್ಯಾಂಡ್‌ನಲ್ಲಿ ಶುರುವಾದ ಸೈಂಟಿಫಿಕ್ ಆಂಗ್ಲರ್ಸ್ ಕಂಪನಿ 1950ರ ದಶಕದಲ್ಲಿ ಹೆಣೆದ ನೈಲಾನ್ ತಿರುಳಿನ ಮೇಲೆ ಪಿವಿಸಿ ಲೇಪ ಹಚ್ಚಿದ ಹುರಿಗಳನ್ನು ತಂದಿತು. ಇಳಿದಪ್ಪವನ್ನು ಹೆಣಿಗೆಯಲ್ಲಿ ತರಬೇಕಿಲ್ಲ, ಲೇಪದಲ್ಲೇ ತರಬಹುದು. ಲೇಪದೊಳಗೆ ಗಾಜಿನ ಟೊಳ್ಳು ಕಣಗಳನ್ನು ಬೆರೆಸಿದರೆ ಜಿಡ್ಡು ಸವರದೆಯೂ ತೇಲುತ್ತದೆ. ಸಂಜೆಯ ಒಣಗಿಸುವ ಕೆಲಸ ತಪ್ಪಿತು. ದಪ್ಪಕ್ಕೂ ತೂಕಕ್ಕೂ ಇದ್ದ ನಂಟೂ ಪೂರ್ತಿ ಕಡಿಯಿತು.

ಅದಕ್ಕೇ 1961ರಲ್ಲಿ ಅಮೆರಿಕದ ಮೀನುಗಾರಿಕೆ ಸಾಧನಗಳ ತಯಾರಕರ ಸಂಘ ಹೊಸ ಅಳತೆಯನ್ನು ಒಪ್ಪಿಕೊಂಡಿತು. ಹುರಿಯ ಮುಂದಿನ 30 ಅಡಿಯನ್ನು ತೂಗಬೇಕು. ಅದರ ತೂಕ ಎಷ್ಟು ‘ಗ್ರೇನ್’ ಎಂಬುದರ ಮೇಲೆ ಅಂಕಿ. 140 ಗ್ರೇನ್ ಇದ್ದರೆ ಐದು, 160 ಇದ್ದರೆ ಆರು, 210 ಇದ್ದರೆ ಎಂಟು. ಗ್ರೇನ್ ಎಂದರೆ ಮೂಲದಲ್ಲಿ ಧಾನ್ಯದ ಕಾಳು, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹಾಗೆ. 140 ಗ್ರೇನ್ ಎಂದರೆ ಸುಮಾರು ಒಂಬತ್ತು ಗ್ರಾಂ, ಹತ್ತಿರ ಹತ್ತಿರ 75 ಗುಲಗಂಜಿ. ಈಗ ಒಗಟು ಬಿಡಿಸಬಹುದು: ‘ಡಬ್ಲ್ಯೂಎಫ್’ ಎಂದರೆ ತೂಕ ಮುಂಭಾಗದಲ್ಲಿ ಸೇರಿದ್ದು, ‘ಡಿಟಿ’ ಎಂದರೆ ಎರಡೂ ತುದಿ ಒಂದೇ ರೀತಿ ಸಣ್ಣಗಾದದ್ದು, ಕೊನೆಯ ‘ಎಫ್’ ಎಂದರೆ ತೇಲುವಂಥದ್ದು. ಒಬ್ಬರನ್ನೊಬ್ಬರು ನೋಡಿರದ ಕೋಲಿನ ತಯಾರಕನೂ ಹುರಿಯ ತಯಾರಕನೂ ಒಂದೇ ಮಾತಾಡುವಂತೆ ಮಾಡಿದ ಒಪ್ಪಂದ ಅದು.

ಒಪ್ಪಂದಗಳಿಗೂ ಸವಕಳಿ ಉಂಟು. 1970ರ ದಶಕದಿಂದ ಕಾರ್ಬನ್ ನಾರಿನ ಕೋಲುಗಳು ಬಂದವು, ವರ್ಷಗಳು ಕಳೆದಂತೆ ಅವು ಹೆಚ್ಚು ಹೆಚ್ಚು ಬಿಗಿಯಾದವು. ಬಿಗಿ ಕೋಲನ್ನು ಬಾಗಿಸಲು ಹೆಚ್ಚು ತೂಕ ಬೇಕು. ತಯಾರಕರು ಅಂಕಿ ಬದಲಿಸುವ ಬದಲು ಹುರಿಯ ತೂಕ ಹೆಚ್ಚಿಸಿದರು. ಹಾಗಾಗಿ ಇಂದು ಐದು ಎಂದು ಮಾರುವ ಎಷ್ಟೋ ಹುರಿಗಳು ತಕ್ಕಡಿಯಲ್ಲಿ ಐದೂವರೆ, ಕೆಲವು ಆರು. ಬಿಗಿ ಕೋಲಿನವರಿಗೆ ಇದು ಅನುಕೂಲವೇ. ಆದರೆ ತಾತನ ಕಾಲದ ಮೆದು ಬಿದಿರಿನ ಕೋಲಿಗೋ ಹಳೆಯ ಫೈಬರ್‌ಗ್ಲಾಸ್ ಕೋಲಿಗೋ ಅದೇ ‘ಐದು’ ಹಾಕಿದರೆ ಕೋಲು ಬಳಲುತ್ತದೆ, ಬೀಸಲು ಹೊಸದಾಗಿ ಕಲಿಯುತ್ತಿರುವವರು ತಪ್ಪು ತಮ್ಮ ಕೈಯದೆಂದುಕೊಳ್ಳುತ್ತಾರೆ.

ಹೊಸ ಹುರಿ ಆರಿಸುವವರಿಗೆ ಈ ಚರಿತ್ರೆಯಿಂದ ಸಿಗುವುದು ಇಷ್ಟು. ಅಂಕಿಯನ್ನು ಓದಿ, ಅದರ ಪಕ್ಕದಲ್ಲಿ ಗ್ರೇನ್ ಲೆಕ್ಕ ಕೊಟ್ಟಿದ್ದಾರೆಯೇ ನೋಡಿ. ಸಣ್ಣ ಹೊಳೆಯಲ್ಲಿ ಹತ್ತಿರಕ್ಕೆ, ಮೆತ್ತಗೆ ಇಳಿಸಬೇಕಿದ್ದರೆ ‘ಡಿಟಿ’ ಸಾಕು. ಒಂದು ತುದಿ ಸವೆದ ಮೇಲೆ ತಿರುಗಿಸಿಯೂ ಬಳಸಬಹುದು. ದೂರಕ್ಕೆ, ಗಾಳಿಗೆ ‘ಡಬ್ಲ್ಯೂಎಫ್’. ತಣ್ಣೀರಿಗೆಂದು ಮಾಡಿದ ಹುರಿ ನಮ್ಮ ಬಿಸಿಲಿಗೆ ಮೆದುವಾಗಿ ಅಂಟಂಟಾಗುತ್ತದೆ, ಉಷ್ಣವಲಯಕ್ಕೆಂದೇ ಮಾಡಿದ ಗಟ್ಟಿ ತಿರುಳಿನವು ಬೇರೆ ಇವೆ. ಸೊಳ್ಳೆ ಓಡಿಸುವ ಮುಲಾಮು ಹಚ್ಚಿದ ಕೈಯಲ್ಲಿ ಹುರಿ ಮುಟ್ಟಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಹಳೆಯ ಹುರಿಯನ್ನು ಹೊಳೆಯ ದಡದಲ್ಲಿ ಎಸೆದು ಬರಬೇಡಿ. ಕುದುರೆ ಕೂದಲೂ ರೇಷ್ಮೆಯೂ ಮಣ್ಣಿಗೆ ಮರಳುತ್ತಿದ್ದವು, ಇದು ಮರಳುವುದಿಲ್ಲ.

ಅನುಮಾನ ಬಂದರೆ ಒಂದು ಉಪಾಯವಿದೆ. ತುದಿಯಿಂದ 30 ಅಡಿ ಅಳೆದು, ಸುರುಳಿ ಮಾಡಿ, ಉಳಿದದ್ದು ತಗುಲದ ಹಾಗೆ ಪರಿಚಯದ ಅಕ್ಕಸಾಲಿಗರ ತಕ್ಕಡಿಯ ಮೇಲಿಡಿ. ಒಂಬತ್ತು ಗ್ರಾಂ ತೋರಿಸಿದರೆ ಅದು ಐದು. ಹತ್ತೂವರೆಯ ಹತ್ತಿರ ಹೋದರೆ, ಡಬ್ಬಿ ಏನೇ ಹೇಳಲಿ, ನಿಮ್ಮ ಕೈಯಲ್ಲಿರುವುದು ಆರು.