ಚೇಲಾ ಪಡೆಯ ಹುಡುಗರು: ಮನೆಗೆ ಮರಳುವ ದಾರಿ

ಬಂಗಾರಪೇಟೆ ತಾಲೂಕಿನಲ್ಲಿರುವ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಮಡಿದಾಗ ಹೈದರ್ ಇನ್ನೂ ಎಳೆಯ ಹುಡುಗ. ತಂದೆಯ ಬಾಕಿ ವಸೂಲಿ ಮಾಡುವ ನೆಪದಲ್ಲಿ ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್ ಅವನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂಡಿಹಾಕಿ ಹಿಂಸಿಸಿದನೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ.

ಮೈಸೂರಿನ ಅಧಿಕಾರ ಹಿಡಿದ ಮೇಲೆ ಅದೇ ಹೈದರ್ ಸೋತವರ ಮಕ್ಕಳನ್ನು ಸಿಪಾಯಿಗಳಾಗಿಸಿದ. 1779ರಲ್ಲಿ ಚಿತ್ರದುರ್ಗ ಬಿದ್ದಾಗ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಹುಡುಗರನ್ನು ಮತಾಂತರಿಸಿ ಚೇಲಾ ಪಡೆ, ಅಂದರೆ ಸೆರೆಯಾಳು ಹುಡುಗರ ಸಿಪಾಯಿ ಪಡೆ, ಕಟ್ಟಲಾಯಿತು. ನಮ್ಮ ಪಠ್ಯಗಳಲ್ಲಿ ಈ ಹುಡುಗರು ಒಂದು ಸಾಲಿನಲ್ಲಿ ಮುಗಿದುಹೋಗುವುದು ಅನ್ಯಾಯ.

ಆ ಬದುಕಿನ ಒಳಗು ಅಕ್ಷರದಲ್ಲಿ ಕಾಣಸಿಗುವುದು ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗನ ಕಥೆಯಲ್ಲಿ. 1782ರಲ್ಲಿ 'ಹ್ಯಾನಿಬಲ್' ಹಡಗಿನೊಂದಿಗೆ ಫ್ರೆಂಚರ ಕೈಗೆ ಸಿಕ್ಕ ಈ ಹದಿಹರೆಯದವನನ್ನು ಅವರು ಹೈದರನಿಗೆ ಒಪ್ಪಿಸಿದರು. ಹೈದರನ ಕಡೆಯವರು ಸುನ್ನತಿ ಮಾಡಿಸಿ, ಕಿವಿ ಚುಚ್ಚಿ, ಚೇಲಾ ಪಡೆಗೆ ಸೇರಿಸಿದರು. ಹೈದರನ ಮಗ ಟಿಪ್ಪುವಿಗೂ ಇಂಗ್ಲಿಷರಿಗೂ ಆದ 1784ರ ಮಂಗಳೂರು ಒಪ್ಪಂದದಂತೆ ಕೈದಿಗಳು ಬಿಡುಗಡೆಯಾದಾಗಲೂ ಇಂಥ ಹುಡುಗರು ಉಳಿದೇಹೋದರು. ಹತ್ತು ವರ್ಷ ಕಳೆದು ತಪ್ಪಿಸಿಕೊಂಡು ತನ್ನವರನ್ನು ಸೇರಿದ ಸ್ಕರಿಗೆ ಕುರ್ಚಿಯಲ್ಲಿ ಕೂರುವುದು, ಚಾಕು-ಫೋರ್ಕ್ ಹಿಡಿದು ಉಣ್ಣುವುದು ಮರೆತುಹೋಗಿತ್ತು. ಇಂಗ್ಲಿಷು ತೊದಲುತ್ತಿತ್ತು. ತನ್ನವರ ಉಡುಪೇ ಮೈಗೆ ಒಗ್ಗಲಿಲ್ಲ. ಇಲ್ಲಿ ಕಟ್ಟಿಕೊಂಡ ಹೆಂಡತಿಯನ್ನು ಅವನು ಬಿಟ್ಟುಹೋಗಿದ್ದ. ಅವನ ಕಥನ 1824ರಲ್ಲಿ, ಅವನು ಸತ್ತ ಬಳಿಕ, ಅಚ್ಚಾಯಿತು.

ಸೆರೆಯಿಂದ ಬಿಡುಗಡೆ ಒಂದು ರಾತ್ರಿಯ ಕೆಲಸ. ಊರು ಸೇರುವುದಕ್ಕೆ ವರ್ಷಗಳೇ ಬೇಕು, ಅದೂ ಹುಡುಗನೊಬ್ಬನ ಕೈಯಲ್ಲಿಲ್ಲ. 2002ರಲ್ಲಿ ಯುದ್ಧ ಮುಗಿದ ಸಿಯೆರಾ ಲಿಯೋನಿನಲ್ಲಿ ಸಂಶೋಧಕಿ ಥೆರೆಸಾ ಬೆಟನ್‌ಕೋರ್ಟ್ ಮತ್ತು ಸಂಗಡಿಗರು ಮಾಜಿ ಬಾಲಸೈನಿಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ಕಂಡದ್ದೂ ಇದನ್ನೇ. ಊರು ಹೀಯಾಳಿಸಿದ ಕಡೆ ಮನಸ್ಸಿನ ಗಾಯ ಬೆಳೆಯಿತು, ಮನೆಯವರೂ ನೆರೆಯವರೂ ಒಪ್ಪಿಕೊಂಡ ಕಡೆ ಚೇತರಿಕೆ ಕಂಡಿತು.

ಹೀಗೆ ಊರು ಮತ್ತೆ ಒಪ್ಪಿಕೊಂಡದ್ದಕ್ಕೆ ಕರ್ನಾಟಕದ ಮಟ್ಟಿಗೆ ಹತ್ತಿರದ ನಿದರ್ಶನ ಕೊಡಗಿನದು. ಟಿಪ್ಪು ಹಿಡಿದು ತಂದು ಪಡೆಗೆ ಸೇರಿಸಿದ್ದ ಕೊಡವರಲ್ಲಿ ಎಲ್ಲರೂ ಮಕ್ಕಳಲ್ಲ; ಮನೆಮಂದಿಸಮೇತ ಸೆರೆಯಾದವರು. 1792ರ ಫೆಬ್ರುವರಿ 6ರ ರಾತ್ರಿ ಇಂಗ್ಲಿಷರ ಕಾರ್ನ್‌ವಾಲಿಸನ ಸೇನೆ ಶ್ರೀರಂಗಪಟ್ಟಣದ ಮೇಲೆರಗಿದಾಗ, ಆ ಗದ್ದಲದಲ್ಲಿ ಸಾವಿರಾರು ಮಂದಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಕೊಡಗಿನ ದಾರಿ ಹಿಡಿದರು. ಮತಾಂತರಗೊಂಡವರಿಗೆ ಹಳೆಯ ಮತದೊಳಗೆ ಮತ್ತೆ ಜಾಗ ಸಿಗಲಿಲ್ಲ, ಅವರು ಮುಸ್ಲಿಮರಾಗಿಯೇ ಉಳಿದರು. ಆದರೆ ಮನೆತನದ ಹೆಸರು ಯಾರೂ ಕಿತ್ತುಕೊಳ್ಳಲಿಲ್ಲ. ಜಮ್ಮಾ ಭೂಮಿಯ, ಅಂದರೆ ವಂಶಪಾರಂಪರ್ಯವಾಗಿ ಬರುವ ಭೂಮಿಯ, ಹಕ್ಕೂ ದಕ್ಕಿತು. ಜಮ್ಮಾ ಮಾಪಿಳ್ಳೆಗಳೆಂದು ಕರೆಸಿಕೊಳ್ಳುವ ಅವರ ವಂಶಸ್ಥರು ಕೊಡವ ಮನೆತನದ ಹೆಸರುಗಳನ್ನು ಇಟ್ಟುಕೊಂಡೇ ಬಂದಿದ್ದಾರೆ.