ಗಡಿನಾಡಿನ ಕುಟುಂಬಕ್ಕೊಂದು ಕಾರು: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಮಡಕಶಿರ ಸೀಮೆಯನ್ನು ಕರ್ನಾಟಕವು ಮೂರು ದಿಕ್ಕುಗಳಿಂದ ಸುತ್ತುವರಿದಿದೆ. ಶಿರಾ, ಮಧುಗಿರಿ, ಪಾವಗಡ ನಮ್ಮ ನೆರೆಯ ತಾಲ್ಲೂಕುಗಳು. ಹಿಂದೂಪುರ ನಮ್ಮ ಪೇಟೆ. 2022ರ ಏಪ್ರಿಲ್ 4ರಿಂದ ನಮ್ಮ ಜಿಲ್ಲಾ ಕೇಂದ್ರ ಪುಟ್ಟಪರ್ತಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿದ ರಾಯದುರ್ಗದವರೂ ಆಸ್ಪತ್ರೆಗೆ, ವ್ಯಾಪಾರಕ್ಕೆ ಇಂದಿಗೂ ಬಳ್ಳಾರಿಯತ್ತಲೇ ಹೊರಡುತ್ತಾರೆ. ಹೀಗೆ ಒಂದು ರಾಜ್ಯದಲ್ಲಿ ಮನೆ, ಇನ್ನೊಂದು ರಾಜ್ಯದಲ್ಲಿ ಮಕ್ಕಳ ಕಾಲೇಜು ಮತ್ತು ನೆಂಟಸ್ತಿಕೆ ಇರುವ ಕುಟುಂಬಗಳಿಗೆ ಕಾರಿನ ಆಯ್ಕೆಯು ಕಂಪನಿ ಮತ್ತು ಬಣ್ಣದ ಪ್ರಶ್ನೆಯಿಂದ ಆರಂಭವಾಗುವುದಿಲ್ಲ. ಕಾರು ಯಾವ ರಾಜ್ಯದಲ್ಲಿ ನಿಲ್ಲುತ್ತದೆ, ಯಾರ ಹೆಸರಿನಲ್ಲಿರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು. ಈ ತೀರ್ಮಾನದಲ್ಲಿ ಎಡವಿದರೆ ಅಗ್ಗವಾಗಿ ಕೊಂಡ ಕಾರೇ ದುಬಾರಿಯಾಗುತ್ತದೆ.

ದಾರಿಗೆ ತಕ್ಕ ಗಾತ್ರ

ಕೊಡಿಕೊಂಡದಿಂದ ಲೇಪಾಕ್ಷಿ, ಹಿಂದೂಪುರ, ಮಡಕಶಿರಗಳ ಮೂಲಕ ಶಿರಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 544ಇ ನಮ್ಮ ಮುಖ್ಯ ದಾರಿ. ಅದರ ಎರಡು ತುದಿಗಳಲ್ಲಿ ಹೆದ್ದಾರಿ 44 ಮತ್ತು 48 ಇವೆ. ಆದರೆ ಅಮರಾಪುರ, ರೊಳ್ಳ, ಗುಡಿಬಂಡೆ ಮಂಡಲಗಳ ಹಳ್ಳಿಗಳಿಂದ ಈ ಹೆದ್ದಾರಿಗೆ ಬರುವ ದಾರಿಗಳಲ್ಲಿ ಉಬ್ಬು, ಗುಂಡಿ, ಕೆರೆ ಏರಿಯ ತಿರುವುಗಳು ಸಾಮಾನ್ಯ. ಆದ್ದರಿಂದ ನೆಲದಿಂದ ಕಾರಿನ ತಳಭಾಗಕ್ಕಿರುವ ಎತ್ತರವನ್ನು, ಅಂದರೆ ಗ್ರೌಂಡ್ ಕ್ಲಿಯರೆನ್ಸನ್ನು, ಅವಶ್ಯವಾಗಿ ನೋಡಬೇಕು. ಮಾರುತಿ ಡಿಜೈರ್‌ನದು 163 ಮಿ.ಮೀ., ಟಾಟಾ ಪಂಚ್‌ನದು 187 ಮಿ.ಮೀ., ನಿಸಾನ್ ಮ್ಯಾಗ್ನೈಟ್‌ನದು 205 ಮಿ.ಮೀ. ಕಾಗದದ ಮೇಲೆ ಈ ಅಂತರ ಅಲ್ಪವೆನಿಸಬಹುದು. ಐದು ಜನ ಕುಳಿತು ಡಿಕ್ಕಿಯಲ್ಲಿ ಅಕ್ಕಿ ಮೂಟೆಯಿದ್ದಾಗ ಉಬ್ಬಿನ ಮೇಲೆ ಅದರ ಅರಿವಾಗುತ್ತದೆ.

ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ, ಅದರ ಮೇಲಿದ್ದ ಸೆಸ್ ಕೂಡ ಹೋಗಿದೆ. ನಾಲ್ಕೈದು ಜನರ ಮನೆಗೆ ಈ ಗಾತ್ರವೇ ಸಾಕು. ಅಜ್ಜ, ಅಜ್ಜಿ, ಮಕ್ಕಳೆಲ್ಲ ಒಟ್ಟಿಗೆ ಹೊರಡುವ ಮನೆಯವರು ನಾಲ್ಕು ಮೀಟರಿನೊಳಗೇ ಏಳು ಆಸನಗಳಿರುವ ರೆನೋ ಟ್ರೈಬರ್‌ನಂತಹ ಕಾರನ್ನು ಪರಿಶೀಲಿಸಬಹುದು. ಆದರೆ ಮೂರನೆಯ ಸಾಲಿನಲ್ಲಿ ಜನ ಕುಳಿತಾಗ ಸಾಮಾನಿಗೆ ಸ್ಥಳ ಉಳಿಯುವುದಿಲ್ಲವೆಂಬುದು ನೆನಪಿರಲಿ.

ಇಂಧನದ ಲೆಕ್ಕ

ಕೆಲವು ವರ್ಷಗಳಿಂದ ಆಂಧ್ರದಲ್ಲಿ ಪೆಟ್ರೋಲ್ ದರವು ಕರ್ನಾಟಕಕ್ಕಿಂತ ಹೆಚ್ಚಾಗಿದೆ. ಶಿರಾ ಕಡೆಗೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡು ಬರುವುದು ಸರಿಯೇ. ಅದಕ್ಕಾಗಿಯೇ ಹೋಗುವುದು ನಷ್ಟ. ಲೀಟರಿಗೆ 6 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಂಡರೂ 30 ಲೀಟರಿಗೆ ಉಳಿಯುವುದು 180 ರೂಪಾಯಿ. ಹೋಗಿಬರಲು 80 ಕಿ.ಮೀ. ಆದರೆ, ಲೀಟರಿಗೆ 16 ಕಿ.ಮೀ. ಓಡುವ ಕಾರು 5 ಲೀಟರ್ ಪೆಟ್ರೋಲನ್ನು ದಾರಿಯಲ್ಲೇ ಸುಡುತ್ತದೆ.

ಸಿಎನ್‌ಜಿ ಕಾರಿನ ಓಡಾಟದ ಖರ್ಚು ಕಡಿಮೆ. ಆದರೆ ನಿತ್ಯದ ದಾರಿಯಲ್ಲಿ ಬಂಕ್ ಇದ್ದರೆ ಮಾತ್ರ ಅದು ಉಪಯುಕ್ತ. ಒಂದೇ ದೊಡ್ಡ ಸಿಲಿಂಡರ್ ಇರುವ ಕಾರುಗಳಲ್ಲಿ ಡಿಕ್ಕಿಯ ಬಹುಭಾಗ ಅದಕ್ಕೇ ಹೋಗುತ್ತದೆ. ವಿದ್ಯುತ್ ಕಾರಿನ ಜಿಎಸ್‌ಟಿ ಶೇ. 5 ಮಾತ್ರ. ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿದ್ದು, ಓಡಾಟ ಹಿಂದೂಪುರ ಅಥವಾ ಪಾವಗಡದವರೆಗೆ ಇರುವವರಿಗೆ ಅದು ಒಪ್ಪುತ್ತದೆ. ಮೇಲಿಂದ ಮೇಲೆ ಬೆಂಗಳೂರಿಗೆ ಹೋಗಿಬರುವವರು ಕಂಪನಿ ಹೇಳುವ ದೂರವನ್ನಲ್ಲ, ಬಳಸುತ್ತಿರುವವರು ಹೇಳುವ ದೂರವನ್ನು ಲೆಕ್ಕಕ್ಕೆ ಹಿಡಿಯಬೇಕು. ಯಾವ ಕಾರೇ ಆಗಲಿ, ಅದರ ಸರ್ವಿಸ್ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಅಗ್ಗದ ‘ಕೆಎ’ ಕಾರು

ನಮ್ಮ ಭಾಗದ ಅನೇಕರು ತುಮಕೂರು ಅಥವಾ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುತ್ತಾರೆ. ಅಲ್ಲಿ ಆಯ್ಕೆ ಹೆಚ್ಚು, ಮಾತುಕತೆ ಕನ್ನಡದಲ್ಲೇ ಮುಗಿಯುತ್ತದೆ. ಆದರೆ ಮಾರುವವರು ಹೇಳುವ ಬೆಲೆ ಪೂರ್ತಿ ಬೆಲೆಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಮಿನ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಆಗ ವಾಹನದ ವಯಸ್ಸಿಗೆ ತಕ್ಕಂತೆ ಆಂಧ್ರದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಈ ಮೊತ್ತವನ್ನು ಕೂಡಿಸಿ ನೋಡಿದ ಮೇಲೆಯೇ ಬೆಲೆ ಹೋಲಿಸುವುದು ವಿವೇಕ. ಕರ್ನಾಟಕದಲ್ಲಿ ಮೊದಲು ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಲು ಅವಕಾಶವಿದೆ. ಆ ಹಣ ಯಾರಿಗೆ ಸೇರಬೇಕೆಂಬುದನ್ನು ವ್ಯಾಪಾರದ ಹೊತ್ತಿನಲ್ಲೇ ಮಾತಾಡಿಕೊಳ್ಳಬೇಕು.

ಬೆಂಗಳೂರಿನಲ್ಲಿರುವ ಮಗ ತನ್ನ ಹೆಸರಿನ ಕಾರನ್ನು ಊರಿನಲ್ಲಿ ಅಪ್ಪನ ಬಳಿ ಬಿಟ್ಟಾಗಲೂ ಇದೇ ನಿಯಮ. ಹಬ್ಬಕ್ಕೆ ಬಂದು ಹೋಗುವ ಕಾರಿಗೆ ಅಡ್ಡಿಯಿಲ್ಲ. ಇಲ್ಲಿಯೇ ನೆಲೆ ನಿಂತ ಕಾರಿಗೆ ಉಂಟು. ಹೊಸ ಕಾರನ್ನು ನೆಂಟರ ವಿಳಾಸ ಕೊಟ್ಟು ಕರ್ನಾಟಕದಲ್ಲಿ ನೋಂದಾಯಿಸುವುದೂ ಸಲ್ಲದು. ತುಮಕೂರಿನ ಷೋರೂಮಿನಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯೊಡನೆ ತಂದು ಆಂಧ್ರದಲ್ಲಿ ನೋಂದಾಯಿಸಿಕೊಳ್ಳಬಹುದು.

ಕಾರಿನ ವಯಸ್ಸನ್ನೂ ನೋಡಬೇಕು. ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ. ಆ ಬಳಿಕ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹನ್ನೆರಡು ವರ್ಷದ ಕಾರನ್ನು ಕೊಂಡವರಿಗೆ ಆ ಖರ್ಚು ಮೂರೇ ವರ್ಷದಲ್ಲಿ ಎದುರಾಗುತ್ತದೆ.

ಹೆಸರು ಬದಲಾಗದ ಕಾರು

ಎಲ್ಲಕ್ಕಿಂತ ದೊಡ್ಡ ಅಪಾಯ ಇದು. ಹಣ ಕೊಟ್ಟು ಕೀಲಿ ಪಡೆದ ಮೇಲೂ ಆರ್‌ಸಿಯನ್ನು ಹಳೆಯ ಮಾಲೀಕರ ಹೆಸರಿನಲ್ಲೇ ಬಿಡುವ ರೂಢಿ ನಮ್ಮಲ್ಲಿದೆ. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದುದರಿಂದ ಮಾರಿದವರು ತಮಗೆ ಸಂಬಂಧವಿಲ್ಲದ ಅಪಘಾತದ ಪರಿಹಾರಕ್ಕೆ ಹೊಣೆಯಾಗಬಹುದು. ಕೊಂಡವರಿಗೂ ನಷ್ಟ ತಪ್ಪಿದ್ದಲ್ಲ: ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಕಾರಿಗಾದ ಹಾನಿಯ ಹಣ ಕೈಸೇರದೆ ಹೋಗಬಹುದು. ವಿಮಾ ವರ್ಗಾವಣೆಗೆ 14 ದಿನಗಳೊಳಗೆ ಅರ್ಜಿ ಕೊಡಬೇಕು. ಮಾಲೀಕತ್ವದ ಬದಲಾವಣೆಯನ್ನು ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು.

ಕಚೇರಿಯ ವ್ಯವಹಾರ ತೆಲುಗಿನಲ್ಲಿರುತ್ತದೆಂದು ನಮ್ಮ ಹಿರಿಯರು ಹಲವರು ಈ ಕೆಲಸಕ್ಕೆ ಹಿಂಜರಿದು ಮಧ್ಯವರ್ತಿಗಳಿಗೆ ಒಪ್ಪಿಸಿಬಿಡುತ್ತಾರೆ. ಆದರೆ ನಮೂನೆಗಳ ಸಂಖ್ಯೆ ದೇಶಕ್ಕೆಲ್ಲ ಒಂದೇ. ಸಂಖ್ಯೆ ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಕರ್ನಾಟಕದ ಕಚೇರಿಯಿಂದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಪಡೆಯಲು ನಮೂನೆ 28. ಮಾರುವವರು ತಿಳಿಸುವುದಕ್ಕೆ ನಮೂನೆ 29. ಕೊಳ್ಳುವವರು ಅರ್ಜಿ ಸಲ್ಲಿಸುವುದಕ್ಕೆ ನಮೂನೆ 30. ಇಲ್ಲಿ ಹೊಸ ಸಂಖ್ಯೆ ಪಡೆಯಲು ನಮೂನೆ 27. ಹಳೆಯ ಸಾಲ ತೀರಿದೆಯೆಂದು ಆರ್‌ಸಿಯಲ್ಲಿ ದಾಖಲಿಸಲು ನಮೂನೆ 35. ಎನ್‌ಒಸಿ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡದಿರುವುದು ಜಾಣತನ. ಬಾಕಿ ದಂಡ ಅಥವಾ ತೀರದ ಸಾಲ ಇದ್ದರೆ ಆ ಹಂತದಲ್ಲೇ ಹೊರಬೀಳುತ್ತದೆ.

ಮಕ್ಕಳು ಕುಳಿತುಕೊಳ್ಳುವ ಕಾರು

ಭಾರತ್ ಎನ್‌ಕ್ಯಾಪ್ ಎಂಬ ದೇಶೀ ಅಪಘಾತ ಪರೀಕ್ಷೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ ಬೇರೆ ಬೇರೆ ನಕ್ಷತ್ರಗಳಿರುತ್ತವೆ, ಎರಡನ್ನೂ ಓದಬೇಕು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಆಸನವಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ಅಪ್ರಾಪ್ತ ವಯಸ್ಸಿನವರು ಕಾರು ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಸೆರೆ ಮತ್ತು 12 ತಿಂಗಳ ನೋಂದಣಿ ರದ್ದತಿಯನ್ನು ಕಾಯ್ದೆ ಹೇಳುತ್ತದೆ.

ಕನ್ನಡ ಶಾಲೆ ಊರಿನಿಂದ ದೂರವಿರುವೆಡೆ ಒಂದೇ ಕಾರಿನಲ್ಲಿ ಓಣಿಯ ಮಕ್ಕಳನ್ನೆಲ್ಲ ಕರೆದೊಯ್ಯುವುದುಂಟು. ನೆರೆಹೊರೆಯ ಸಹಾಯವಾಗಿ, ಆಸನಗಳ ಮಿತಿಯೊಳಗೆ ಹಾಗೆ ಮಾಡಿದರೆ ತಪ್ಪಿಲ್ಲ. ಆದರೆ ತಿಂಗಳಿಗಿಷ್ಟು ಎಂದು ಬಾಡಿಗೆ ಪಡೆದರೆ ಬಿಳಿ ಫಲಕದ ಕಾರು ಪರವಾನಗಿಯಿಲ್ಲದ ಬಾಡಿಗೆ ವಾಹನವಾಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ಕೈಚೆಲ್ಲಲು ಅದೊಂದೇ ಕಾರಣ ಸಾಕು. ಅಂತಹ ಏರ್ಪಾಡು ಬೇಕೆಂದರೆ ಪೋಷಕರೆಲ್ಲ ಸೇರಿ ಹಳದಿ ಫಲಕದ ವಾಹನವನ್ನೇ ಗೊತ್ತುಮಾಡಿಕೊಳ್ಳುವುದು ಸುರಕ್ಷಿತ.

ಕೊನೆಯದಾಗಿ, ಕಾರು ಕೊಳ್ಳುವ ದಿನ ಮನೆಯಲ್ಲಿ ಕನ್ನಡ, ತೆಲುಗು, ಇಂಗ್ಲಿಷ್ ಓದಬಲ್ಲ ಮಗನೋ ಮಗಳೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗುವಂತೆ ಓದುಗರಲ್ಲಿ ಕೋರುತ್ತೇವೆ. ಸಹಿ ಹಾಕುವ ಮುನ್ನ ಪ್ರತಿಯೊಂದು ಕಾಗದವನ್ನೂ ಅವರಿಂದ ಓದಿಸಿ ಕೇಳಬೇಕು.