ಪದ ಪರಿಚಯ: ಅನರ್ಥ

ಸಂಸ್ಕೃತದ ‘ಅನರ್ಥ’ಕ್ಕೆ ಕನ್ನಡದಲ್ಲಿ ಎರಡು ಬಳಕೆ: ಅರ್ಥವಿಲ್ಲದ್ದು, ಕೇಡು. ‘ಕೊರವಂಜಿ’ ಹಾಸ್ಯಪತ್ರಿಕೆಯ ಬಳಗದ ನಾ. ಕಸ್ತೂರಿಯವರು ತಮ್ಮ ನಗೆನಿಘಂಟಿಗೆ ‘ಅನರ್ಥಕೋಶ’ ಎಂದು ಹೆಸರಿಟ್ಟಾಗ ಮೂರನೆಯದೂ ಸೇರಿತು: ಬೇಕೆಂದೇ ಹೇಳಿದ ತಪ್ಪರ್ಥ. ಒಡೆಯಬಾರದ ಕಡೆ ಪದವನ್ನು ಒಡೆಯುವುದು ಈ ಬಗೆಯ ಹಾಸ್ಯದ ಒಂದು ಉಪಾಯ. ‘ಬಾಡಿಗೆ’ಯನ್ನು ‘ಕಟ್ಟುವವನನ್ನು ಬಾಡಿಸುವಂಥದ್ದು’ ಎನ್ನಬಹುದು. ನಿಜದಲ್ಲಿ ಅದು ಸಂಸ್ಕೃತದ ‘ಭಾಟಕ’ದಿಂದ ಬಂದದ್ದು.

ಇಂಥ ಆಟದಿಂದ ಭಾಷೆ ಕೆಡುತ್ತದೆ ಎನ್ನುವವರಿದ್ದಾರೆ. ಆದರೆ ಸರಿಯಾದ ಅರ್ಥ ಬಲ್ಲವರಿಗಷ್ಟೇ ಈ ನಗು ದಕ್ಕುತ್ತದೆ. ಹಾಗಾಗಿ ಅದು ಪದಜ್ಞಾನಕ್ಕೆ ಒರೆಗಲ್ಲು. ಕೇಡಿರುವುದು ನಿಜವೆಂದು ನಂಬಿಸುವ ತಪ್ಪರ್ಥದಲ್ಲಿ. ಉದಾಹರಣೆಗೆ, ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಕುಲುಮೆಯಿಂದ ಆ ಹೆಸರು ಬಂತೆಂದರೆ ಯಾರಾದರೂ ಒಪ್ಪಿಯಾರು. ಆದರೆ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ. ಹೆಸರು ಅದಕ್ಕೂ ಹಳೆಯದು, ‘ವಂಕಿಪುರ’ವೆಂಬ ರೂಪವೂ ಅದಕ್ಕಿತ್ತು. ಶಿವಮೊಗ್ಗವನ್ನೂ ‘ಶಿವಮುಖ’ವೆಂದು ಕೆಲವರು, ‘ಸಿಹಿಮೊಗೆ’ಯೆಂದು ಕೆಲವರು ಬಿಡಿಸುತ್ತಾರೆ, ಎರಡೂ ಒಟ್ಟಿಗೆ ನಿಜವಾಗಲಾರವು. ತಮಾಷೆಯ ಅರ್ಥವನ್ನು ನಕ್ಕು ಸವಿಯೋಣ. ಗಂಭೀರವಾಗಿ ಹೇಳಿದ್ದನ್ನು ಮಾತ್ರ ಹಳೆಯ ರೂಪ, ಇಸವಿ ನೋಡಿಯೇ ಒಪ್ಪೋಣ.